ನರ್ಸಿಂಗ್ ಅಸಿಸ್ಟೆಂಟ್ ತರಬೇತಿಗೆ ಸೇರುವ ಮುಂಚೆ ಏನು ವಿಚಾರಿಸಬೇಕು?

ಸವಿತಾ:
ನನಗೀಗ 39. ಅತ್ತೆಗೆ ಲಕ್ವ ಹೊಡೆದು ಮೂರು ವರ್ಷ ಹಾಸಿಗೆಯಲ್ಲೇ ಇದ್ದರು. ಸ್ನಾನ, ಊಟ, ಬಟ್ಟೆ ಎಲ್ಲ ನಾನೇ ನೋಡಿಕೊಂಡೆ. ಕಳೆದ ವರ್ಷ ತೀರಿಕೊಂಡರು. ಈಗ ಈ ಕೆಲಸವನ್ನು ಸರಿಯಾಗಿ ಕಲಿತು ಇದರಲ್ಲೇ ಮುಂದುವರಿಯೋಣ ಅಂತ ಆಸೆ. ಆದರೆ ಒಂದು ವಿಷಯ ಮನಸ್ಸು ಕೊರೆಯುತ್ತದೆ. ದಿನಾ ಅವರ ಬೆನ್ನು ನೋಡುತ್ತಿದ್ದೆ, ಹಿಮ್ಮಡಿ ನೋಡಲಿಲ್ಲ. ಅಲ್ಲಿ ಹುಣ್ಣಾಯಿತು. ನನ್ನಂಥವಳು ಈ ಕೆಲಸಕ್ಕೆ ಹೋಗಬಹುದಾ? ದುಡ್ಡು ಕಟ್ಟುವ ಮುಂಚೆ ಏನೇನು ಕೇಳಬೇಕು?

ಗೀತಾ:
ಸವಿತಕ್ಕ, ಖಂಡಿತ ಸೇರಿ. ನಾನು ವಾರ್ಡಿನಲ್ಲಿ 11 ವರ್ಷದಿಂದ ಇದ್ದೇನೆ. ಹಿಮ್ಮಡಿ ಹುಣ್ಣು ಎಷ್ಟೋ ಜನರ ಕಣ್ಣು ತಪ್ಪುತ್ತದೆ, ಸಾಕ್ಸ್ ಹಾಕಿದ್ದರಂತೂ ಕಾಣುವುದೇ ಇಲ್ಲ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮಾಡಬೇಕು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇದನ್ನು ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಲ್ವಾ? ತರಬೇತಿ ಇರುವುದೇ ಅದಕ್ಕೆ.

ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ವಾರ್ಡಿನಲ್ಲಿ ಎಷ್ಟು ದಿನ ಕೆಲಸ ಮಾಡಿಸುತ್ತೀರಿ? ನಾನು ಮೊದಲು ಸೇರಿದ ಕಡೆ ಬರೀ ನೋಟ್ಸ್ ಬರೆಸಿದರು. ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಬಿಪಿ ಪಟ್ಟಿಯನ್ನು ದಪ್ಪ ಸ್ವೆಟರ್ ತೋಳಿನ ಮೇಲೇ ಸುತ್ತಿದೆ. ಸಿಸ್ಟರ್ ಏನೂ ಅನ್ನದೆ ಬಿಚ್ಚಿ, ತೋಳು ಮೇಲಕ್ಕೆ ಸರಿಸಿ, ಮತ್ತೆ ಕಟ್ಟಿ ತೋರಿಸಿದರು.

ಇನ್ನೊಂದು ಅವರಿಂದಲೇ ಕಲಿತಿದ್ದು. ಉಸಿರು ಎಣಿಸುತ್ತಿದ್ದೇನೆ ಅಂತ ರೋಗಿಗೆ ಹೇಳಬಾರದು. ಹೇಳಿದರೆ ಅವರ ಉಸಿರಿನ ಲಯವೇ ಬದಲಾಗುತ್ತದೆ. ನಾಡಿ ಎಣಿಸಿದ ಮೇಲೂ ಬೆರಳು ಮಣಿಕಟ್ಟಿನ ಮೇಲೆ ಹಾಗೇ ಇಟ್ಟುಕೊಂಡು, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ನೋಡಬೇಕು. ದೊಡ್ಡವರಿಗೆ 12ರಿಂದ 20 ಇದ್ದರೆ ಸರಿ. ಇಂಥದ್ದು ಪಕ್ಕದಲ್ಲಿ ನಿಂತು ಕಲಿಸುವವರಿದ್ದರೇ ಬರುವುದು.

ಮಂಜು:
ಗೀತಾ ಅವರು ಹೇಳಿದ್ದು ಸರಿ. ಹೆಪಟೈಟಿಸ್ ಬಿ (ರೋಗಿಯ ರಕ್ತದಿಂದ ನಮಗೂ ತಗಲಬಹುದಾದ ಯಕೃತ್ತಿನ ಸೋಂಕು) ಲಸಿಕೆ ಆಗಿಲ್ಲದಿದ್ದರೆ ಈಗಲೇ ಶುರು ಮಾಡಿ. ಸಾಮಾನ್ಯವಾಗಿ ಮೂರು ಡೋಸ್, ಮುಗಿಯಲು ಆರು ತಿಂಗಳು ಹಿಡಿಯುತ್ತದೆ. ಸೊಂಟದ ಬಗ್ಗೆಯೂ ಹುಷಾರು. ನಾನು ಬಗ್ಗಿ ಬಗ್ಗಿಯೇ ಕೆಲಸ ಮಾಡಿ ಎರಡು ತಿಂಗಳು ಮನೆಯಲ್ಲಿ ಮಲಗಿದ್ದೆ. ಮಂಚ ಏರಿಸಲು ಬಂದರೆ ಮೊದಲು ನಿಮ್ಮ ಸೊಂಟದ ಮಟ್ಟಕ್ಕೆ ಏರಿಸಿ. ಒಬ್ಬರೇ ಎತ್ತಲು ಹೋಗಬೇಡಿ.

ಸವಿತಾ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಿಮ್ಮಡಿ ವಿಷಯ ಓದಿ ಕಣ್ಣು ತುಂಬಿತು. ಸೋಮವಾರ ಎರಡು ಕಡೆ ಹೋಗಿ ವಾರ್ಡಿನ ದಿನಗಳನ್ನೇ ಮೊದಲು ಕೇಳುತ್ತೇನೆ. ಇನ್ನೊಂದು ಸಂದೇಹ. ಅತ್ತೆಗೆ ಅಂಗಿ ಹಾಕುವಾಗ ಬಿದ್ದುಹೋದ ಕೈ ಸಿಕ್ಕಿಕೊಂಡು ಅವರಿಗೆ ನೋಯುತ್ತಿತ್ತು. ಅದಕ್ಕೇನಾದರೂ ಕ್ರಮ ಇದೆಯಾ?

ಗೀತಾ:
ಇದೆ ಅಕ್ಕ. ಹಾಕುವಾಗ ಬಿದ್ದ ಕೈ ಮೊದಲು. ಅಂಗಿಯ ತೋಳಿನೊಳಗೆ ನಿಮ್ಮ ಕೈ ತೂರಿಸಿ, ಅವರ ಕೈ ಹಿಡಿದು ನಿಧಾನ ಈಚೆ ತನ್ನಿ. ಬಿಚ್ಚುವಾಗ ಚೆನ್ನಾಗಿರುವ ಕೈ ಮೊದಲು.