ದೇವರು, ಕಷ್ಟ, ನಂಬಿಕೆ: ವಾಚನಾಲಯದಲ್ಲಿ ಯಾವ ಸಿನಿಮಾ ತೋರಿಸಬಹುದು?

ಕೇಳಿದವರು, ಬದಿಯಡ್ಕ:
ಮಳೆಗಾಲ ಮುಗಿದ ಮೇಲೆ ನಮ್ಮ ವಾಚನಾಲಯದಲ್ಲಿ ತಿಂಗಳಿಗೊಂದು ಸಿನಿಮಾ ತೋರಿಸಿ, ಆಮೇಲೆ ಕೂತು ಮಾತಾಡುವ ಯೋಚನೆ ಉಂಟು. ‘ದೇವರಿದ್ದರೆ ಇಷ್ಟು ಕಷ್ಟ ಯಾಕೆ’ ಅನ್ನುವುದೇ ವಿಷಯ. ಭಕ್ತಿ ಚಿತ್ರ ಬೇಡ, ದೇವರನ್ನು ಗೇಲಿ ಮಾಡುವಂಥದ್ದೂ ಬೇಡ. ಅಜ್ಜಂದಿರೂ ಬರುತ್ತಾರೆ, ಕಾಲೇಜು ಮಕ್ಕಳೂ ಬರುತ್ತಾರೆ. ಅನುಭವ ಇದ್ದವರು ಹೇಳಿ.

ಪೆರ್ಲದಿಂದ:
ಕಣ್ಣು ಮುಚ್ಚಿ ‘ನಿರ್ಮಾಲ್ಯಂ’ ಹಾಕಿ. ಎಂ.ಟಿ. ವಾಸುದೇವನ್ ನಾಯರ್ ಅವರ 1973ರ ಚಿತ್ರ. ನಮ್ಮ ಕಾಸರಗೋಡಿನ ಕಡೆ ಮಲಯಾಳ ಯಾರಿಗೆ ಅರ್ಥವಾಗುವುದಿಲ್ಲ ಹೇಳಿ? ಭಗವತಿ ಗುಡಿಯ ವೆಳಿಚ್ಚಪ್ಪಾಡು ಒಬ್ಬರ ಕಥೆ. ನಮ್ಮ ಪಾತ್ರಿಗಳ ಹಾಗೆ ದೇವಿ ಮೈಮೇಲೆ ಬರುವವರು. ಗುಡಿಗೆ ಆದಾಯ ಇಲ್ಲ, ಮನೆಯಲ್ಲಿ ಒಲೆ ಉರಿಯುವುದಿಲ್ಲ. ಊರಿಗೆ ಸಿಡುಬು ಬಂದದ್ದೇ ಎಲ್ಲರಿಗೂ ದೇವಿಯ ನೆನಪು, ಉತ್ಸವಕ್ಕೆ ದುಡ್ಡೂ ಹುಟ್ಟುತ್ತದೆ. ಅಷ್ಟರಲ್ಲಿ ಇವರ ಸಂಸಾರ ಒಡೆದು ಹೋಗಿರುತ್ತದೆ. ಕೊನೆಗೆ ಕುಣಿಯುತ್ತಾ ಹಣೆ ಕಡಿದುಕೊಂಡು, ಬಾಯಿಗೆ ಇಳಿದ ರಕ್ತವನ್ನು ದೇವಿಯ ವಿಗ್ರಹಕ್ಕೇ ಉಗಿಯುತ್ತಾರೆ. ಆ ಪಾತ್ರ ಮಾಡಿದ ಪಿ.ಜೆ. ಆಂಟನಿಗೆ ರಾಷ್ಟ್ರಪ್ರಶಸ್ತಿ ಸುಮ್ನೆ ಬಂದದ್ದಲ್ಲ.

ನಾವು ತೋರಿಸಿದಾಗ ಹುಡುಗರು ‘ಅವನಿಗೆ ನಂಬಿಕೆ ಹೋಯಿತು’ ಅಂದರು. ದೈವದ ಚಾಕರಿಯ ಮನೆತನದ ಹಿರಿಯರೊಬ್ಬರು ಒಪ್ಪಲೇ ಇಲ್ಲ. ‘ನಂಬಿಕೆ ಹೋದವ ಮನೆಯಲ್ಲಿ ಕೂರ್ತಾನೆ. ಇವ ಎದುರು ಹೋಗಿ ಜಗಳ ಮಾಡಿದ. ಬರೀ ಕಲ್ಲಿನ ಹತ್ತಿರ ಯಾರಾದರೂ ಜಗಳ ಮಾಡ್ತಾರಾ?’ ಅಂದರು. ಚಾ ಕುಡಿದು ಮುಗಿದರೂ ಆ ಮಾತು ಮುಗಿಯಲಿಲ್ಲ.

ಕುಂಬಳೆಯಿಂದ:
ಕನ್ನಡದ್ದೇ ಬೇಕಾದರೆ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977). ಬಸುರಾದ ವಿಧವೆ ಯಮುನಾಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ. ಆದರೆ ಅಲ್ಲಿ ಕಷ್ಟ ಕೊಡುವವರು ಊರಿನವರು. ನಿಮ್ಮ ಪ್ರಶ್ನೆಗೆ ಸ್ವಲ್ಪ ಓರೆಯಾಗಬಹುದು.

ಮಂಜೇಶ್ವರದಿಂದ:
ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ ಅವರ ‘ವಿಂಟರ್ ಲೈಟ್’ (1963). ಒಂದೂವರೆ ಗಂಟೆಯೂ ಇಲ್ಲ. ನಂಬಿಕೆ ಬತ್ತಿದ ಪಾದ್ರಿಯ ಕಥೆ. ಬದುಕು ಸಾಕಾದ ಮೀನುಗಾರನೊಬ್ಬ ಬಂದರೆ, ಪಾದ್ರಿ ಸಮಾಧಾನ ಹೇಳುವುದು ಬಿಟ್ಟು ತನ್ನ ಸಂಶಯವನ್ನೇ ತೋಡಿಕೊಳ್ಳುತ್ತಾನೆ. ಆದರೆ ನನಗೆ ಹಿಡಿಸಿದ್ದು ಚರ್ಚಿನ ಚಾಕರಿಯ ಆಲ್ಗಾಟ್. ಸದಾ ಮೈನೋವಿನ ಮನುಷ್ಯ. ಯೇಸುವಿನ ಮೈನೋವು ಕೆಲವೇ ಗಂಟೆಯದ್ದು, ಶಿಷ್ಯರು ಬಿಟ್ಟು ಓಡಿದ್ದು, ದೇವರು ಸುಮ್ಮನಿದ್ದದ್ದು ಅದಕ್ಕಿಂತ ಜಾಸ್ತಿ ನೋವಲ್ವಾ ಅಂತ ಅವನ ಪ್ರಶ್ನೆ. ಅಜ್ಜಂದಿರಿಗೆ ಸಬ್‌ಟೈಟಲ್ ಓದಲು ಕಷ್ಟ, ಕಥೆ ಮೊದಲೇ ಹೇಳಿಬಿಡಿ.

ಮುಳ್ಳೇರಿಯದಿಂದ:
ನಮ್ಮ ಜಿಲ್ಲೆಯದ್ದನ್ನೇ ಮರೆತಿರಾ? ಡಾ. ಬಿಜು ಅವರ ‘ವಲಿಯ ಚಿರಗುಳ್ಳ ಪಕ್ಷಿಗಳ್’ (2015), ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಕಥೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ 2000ದವರೆಗೂ ವಿಷ ಸುರಿದರು. ಮಕ್ಕಳು ಅಂಗವೈಕಲ್ಯದಿಂದ ಹುಟ್ಟಿದಾಗ ದೈವದ ಮುನಿಸು ಅಂತ ಹರಕೆ ಹೊತ್ತವರು ನಮ್ಮಲ್ಲೇ ಇದ್ದಾರೆ. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ ಸರಕಾರಕ್ಕೆ ಹೇಳುವಾಗ 2017 ಆಗಿತ್ತು. ಎಲ್ಲ ಕಷ್ಟವನ್ನೂ ದೇವರ ಲೆಕ್ಕಕ್ಕೆ ಬರೆಯುವ ಮೊದಲು ಇದನ್ನು ನೋಡಬೇಕು. ಅಂಥ ಮಗು ಇರುವ ಮನೆಯವರು ಬರುವುದಾದರೆ ಮುಂಚೆಯೇ ತಿಳಿಸಿ. ‘ನಿಮ್ಮ ಅನುಭವ ಹೇಳಿ’ ಅಂತ ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಬೇಡಿ.

ಪೆರ್ಲದಿಂದ:
ಹೌದು ಮಾರಾಯ್ರೆ. ಮತ್ತೆ ಸ್ವಾಗತ, ಅಧ್ಯಕ್ಷತೆ, ಧನ್ಯವಾದ ಯಾವುದೂ ಇಟ್ಟುಕೊಳ್ಳಬೇಡಿ. ಭಾಷಣ ಶುರುವಾದರೆ ಜನ ಚಪ್ಪಲಿ ಹುಡುಕುತ್ತಾರೆ.

ಕೇಳಿದವರು:
ಮೊದಲು ‘ನಿರ್ಮಾಲ್ಯಂ’ ಅಂತ ಆಯಿತು. ಬಿಜು ಅವರದ್ದನ್ನು ಆ ಮನೆಯವರ ಹತ್ತಿರ ಮಾತಾಡಿಯೇ ಇಡುತ್ತೇವೆ. ಒಳ್ಳೆಯ ಪ್ರೊಜೆಕ್ಟರ್ ಯಾರ ಹತ್ತಿರ ಉಂಟು?