ಬ್ರಿಟನ್ನಿನ 7, ಡೊಂಬಿವಲಿಯ 142

ಪ್ರಶ್ನೆ (ಡೊಂಬಿವಲಿಯಿಂದ ಒಬ್ಬ ಗೃಹಿಣಿ):

ಸರ್, ನೀವು ವೈದ್ಯಕೀಯ ಗ್ರಂಥಪಾಲಕರಾಗಿದ್ದವರು ಎಂದು ನಿಮ್ಮನ್ನೇ ಕೇಳುತ್ತಿದ್ದೇನೆ. ಉಡುಪಿಯಿಂದ ಬಂದಿರುವ ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಕಳೆದ ವಾರ ಖಾಲಿ ಹೊಟ್ಟೆಯ ರಕ್ತಪರೀಕ್ಷೆಯಲ್ಲಿ 142 ಬಂತು. ಬ್ರಿಟನ್ನಿನ ಒಂದು ಜಾಲತಾಣದಲ್ಲಿ ಊಟಕ್ಕೆ ಮುಂಚೆ 7 ದಾಟಬಾರದು ಎಂದಿದೆ. ಅದನ್ನು ಓದಿ ಹೇಳಿದ್ದೇ ತಪ್ಪಾಯಿತು, ಅತ್ತೆ ನಿನ್ನೆ ರಾತ್ರಿ ಊಟವನ್ನೇ ಮಾಡಲಿಲ್ಲ. ನರ್ಸಿಂಗ್ ಓದುವ ಮಗಳಿಗೂ ಇದೇ ಕಾಯಿಲೆಯ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಯಾವ ತಾಣವನ್ನು ನಂಬುವುದು?

ಉತ್ತರ:

ಅಮ್ಮಾ, ಮೊದಲು ಅತ್ತೆಯವರಿಗೆ ಊಟ ಬಡಿಸಿ. ಸಕ್ಕರೆಯ ಮಾತ್ರೆ ನುಂಗಿ ಊಟ ಬಿಟ್ಟರೆ ಕೆಲವರಿಗೆ ಸಕ್ಕರೆ ತೀರಾ ಇಳಿದು ಬೆವರಿ, ತಲೆ ಸುತ್ತಿ ಬೀಳುವ ಅಪಾಯವಿದೆ.

ಆ ತಾಣ ಸುಳ್ಳು ಹೇಳಿಲ್ಲ, ನಿಮಗಾಗಿ ಹೇಳಿಲ್ಲ ಅಷ್ಟೇ. ನಮ್ಮ ಲ್ಯಾಬ್ ವರದಿಯಲ್ಲಿ ಅಂಕಿಯ ಪಕ್ಕ ಸಣ್ಣ ಅಕ್ಷರದಲ್ಲಿ ಮಿಲಿಗ್ರಾಂ ಎಂದಿರುತ್ತದೆ, ಅಲ್ಲಿಯವರು ಮಿಲಿಮೋಲ್ ಎಂಬ ಬೇರೆ ಮಾನದಲ್ಲಿ ಅಳೆಯುತ್ತಾರೆ. ಅವರ ಅಂಕಿಯನ್ನು 18ರಿಂದ ಗುಣಿಸಿ: ಅವರ 7 ನಮ್ಮ 126. ಅತ್ತೆಯವರ 142 ಅವರ ಲೆಕ್ಕದಲ್ಲಿ 7.9. ಹೆಚ್ಚೇ ಹೌದು, ಡಾಕ್ಟರಿಗೆ ತೋರಿಸಬೇಕು, ಆದರೆ ಇಪ್ಪತ್ತು ಪಟ್ಟಲ್ಲ.

ಗ್ರಂಥಾಲಯದ ಮೇಜಿನ ಹಿಂದೆ ಕುಳಿತು ನಾನು ಕಂಡಿದ್ದು ಇದನ್ನೇ. ಠಕ್ಕ ತಾಣಗಳನ್ನು ಜನ ಹೇಗೋ ಗುರುತಿಸುತ್ತಾರೆ. ಲೋಕಲ್ ಗಾಡಿಯ ಡಬ್ಬಿಯಲ್ಲಿ ಬಾಬಾಗಳ ಚೀಟಿ ನೋಡಿದ ಕಣ್ಣಿಗೆ ಅದು ಕಷ್ಟವಲ್ಲ. ಮಧುಮೇಹ ವಾಸಿಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ, ಹಾಗೆ ಹೇಳುವ ತಾಣವನ್ನು ಅಲ್ಲಿಗೇ ಮುಚ್ಚಿ. ಜನ ಎಡವುವುದು ಒಳ್ಳೆಯ ತಾಣಗಳಲ್ಲಿ. ದೇಹತೂಕದ ಸೂಚ್ಯಂಕ, ಅಂದರೆ ಬಿಎಂಐ ನೋಡಿ. 25ರ ಒಳಗಿದ್ದರೆ ಚಿಂತೆಯಿಲ್ಲ ಎಂದು ಪಾಶ್ಚಾತ್ಯ ಪುಟಗಳು ಹೇಳುತ್ತವೆ. ಏಷ್ಯಾದವರಿಗೆ 23ರಿಂದಲೇ ಅಪಾಯ ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಬರೆದರು. 24 ಇರುವ ನಮ್ಮವರು ಆ ಪುಟ ಓದಿ ನಿಶ್ಚಿಂತೆಯಿಂದ ಇನ್ನೊಂದು ಬನ್ಸ್ ತಿನ್ನುತ್ತಾರೆ.

ಮನೆಯವರಿಗೆ ಮೆಡ್‌ಲೈನ್‌ಪ್ಲಸ್ ಎಂಬ ತಾಣ ಸಾಕು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ್ದು, ಜಾಹೀರಾತಿಲ್ಲ, ಪುಟದ ಕೆಳಗೆ ಪರಿಶೀಲಿಸಿದ ದಿನಾಂಕವಿರುತ್ತದೆ. ಭಾರತೀಯರ ಅಂಕಿಗಳಿಗೆ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಾಣ ನೋಡಿ.

ಮಗಳಿಗೆ ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಪಬ್‌ಮೆಡ್ ಬೇಕಾಗುತ್ತದೆ. ಆದರೆ ಅದು ಬರೀ ಲೇಖನಗಳ ಪಟ್ಟಿ, ಸರಿಯೆಂಬ ಮುದ್ರೆಯಲ್ಲ. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಲೇಖನವನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಪೂರ್ತಿ ಹಿಂದಕ್ಕೆ ಪಡೆದದ್ದು 2010ರಲ್ಲಿ. ಲೇಖನ ಇಂದಿಗೂ ಹುಡುಕಿದರೆ ಸಿಗುತ್ತದೆ, ಹಿಂಪಡೆದ ಸೂಚನೆಯೊಂದಿಗೆ. ಆ ಸೂಚನೆ ಇದೆಯೇ ಎಂದು ಮಗಳು ಮೊದಲು ನೋಡಲಿ. ಒಂದೊಂದೇ ಲೇಖನ ಹೆಕ್ಕುವ ಬದಲು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ ಕೊಕ್ರೇನ್ ಸಂಸ್ಥೆಯ ಸರಳ ಸಾರಾಂಶಗಳಿಂದ ಶುರುಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಸದಸ್ಯರೊಬ್ಬರು (ಮುಲುಂಡ್):

ಸರ್, ನಾನು ತೆಗೆದುಕೊಳ್ಳುವ ಗ್ಲಿಕ್ಲಾಝೈಡ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅಮೆರಿಕದ ತಾಣದಲ್ಲಿ ಹುಡುಕಿದೆ, ಸಿಗಲಿಲ್ಲ. ಅಲ್ಲಿ ನಿಷೇಧಿಸಿದ್ದಾರೆ ಎಂದು ನಮ್ಮ ಕಟ್ಟಡದ ಗುಂಪಿನಲ್ಲಿ ಸಂದೇಶವೂ ಓಡಾಡುತ್ತಿದೆ. ನಿಲ್ಲಿಸಿಬಿಡಲೇ?

ಉತ್ತರ:

ಬೇಡ ಸ್ವಾಮಿ. ಆ ಮಾತ್ರೆ ಅಮೆರಿಕದ ಮಾರುಕಟ್ಟೆಯಲ್ಲೇ ಇಲ್ಲ, ಹಾಗಾಗಿ ಅಲ್ಲಿಯ ಪುಟಗಳಲ್ಲೂ ಇಲ್ಲ. ಯುರೋಪಿನಲ್ಲಿ ಧಾರಾಳವಾಗಿ ಬಳಸುತ್ತಾರೆ. ಅದನ್ನು ಬ್ರಿಟನ್ನಿನ ತಾಣದಲ್ಲಿ ಹುಡುಕಿ. ಹೆಸರುಗಳೂ ಆಟವಾಡಿಸುತ್ತವೆ: ನಮ್ಮ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸೆಟಮಿನೋಫೆನ್, ನಮ್ಮ ಸಕ್ಕರೆ ಮಾತ್ರೆ ಗ್ಲಿಬೆನ್‌ಕ್ಲಮೈಡ್ ಅಲ್ಲಿ ಗ್ಲೈಬುರೈಡ್. ಬ್ರ್ಯಾಂಡ್ ಹೆಸರು ಬಿಟ್ಟು, ಮಾತ್ರೆಯ ಪಟ್ಟಿಯ ಹಿಂಬದಿಯಲ್ಲಿರುವ ಔಷಧದ ಹೆಸರನ್ನೇ ಅಕ್ಷರ ಅಕ್ಷರ ನೋಡಿ ಹುಡುಕಬೇಕು.

ಪ್ರಶ್ನೆ ಕೇಳಿದವರು:

ಅತ್ತೆ ಗಂಜಿ, ಉಪ್ಪಿನಕಾಯಿ ಊಟ ಮಾಡಿದರು ಸರ್. ಅವರ ಪಟ್ಟಿಯ ಹಿಂಬದಿ ಕತ್ತರಿಸಿಹೋಗಿದೆ, ಉಳಿದಿರುವುದು "ಗ್ಲಿ" ಮಾತ್ರ.

ಉತ್ತರ:

ಹಾಗಾದರೆ ಗೂಗಲ್ ಬೇಡ. ಔಷಧದ ಅಂಗಡಿಯ ಬಿಲ್ಲು ಹುಡುಕಿ. "ಗ್ಲಿ"ಯಿಂದ ಶುರುವಾಗುವ ಸಕ್ಕರೆ ಮಾತ್ರೆಗಳು ನಾಲ್ಕೈದಿವೆ.