ಹವ್ಯಕ ವ್ಯಾಕರಣ: ‘ಯಂಗೆ ಜ್ವರ ಬೈಂದು’ ಎಂಬಲ್ಲಿ ಕರ್ತೃ ಯಾವುದು?

ಪ್ರಶ್ನೆ (ಶಿರಸಿ):
ನಮಸ್ಕಾರ. ಶಿರಸಿ ಸೀಮೆಯ ಹವ್ಯಕ ಆಡುನುಡಿಗೆ ವಿವರಣಾತ್ಮಕ ವ್ಯಾಕರಣವೊಂದನ್ನು ಬರೆಯುತ್ತಿದ್ದೇನೆ. ವಾಕ್ಯರಚನೆಯ ಅಧ್ಯಾಯದಲ್ಲಿ ಕೆಲಸ ನಿಂತಿದೆ. ‘ಯಂಗೆ ಜ್ವರ ಬೈಂದು’ (ನನಗೆ ಜ್ವರ ಬಂದಿದೆ) ಎಂಬಂಥ ವಾಕ್ಯಗಳಲ್ಲಿ ಕರ್ತೃ ಯಾವುದೆಂದು ನಮೂದಿಸಲಿ? ಶಾಲೆಯ ವ್ಯಾಕರಣದ ಪ್ರಕಾರ ‘ಜ್ವರ’. ಆದರೆ ಮಾತಿರುವುದು ಜ್ವರ ಬಂದವನ ಕುರಿತು. ಸಿದ್ಧಾಂತದ ಗೋಜಿಗೆ ಹೋಗದೆ ಇದನ್ನು ಬಗೆಹರಿಸಬಹುದೇ?

ಉತ್ತರ (ಕುಮಟಾ):
ಸಿದ್ಧಾಂತವನ್ನು ಬಿಟ್ಟರೆ ಇದು ಬಗೆಹರಿಯದು, ಏಕೆಂದರೆ ‘ಕರ್ತೃ’ ಎಂದು ಗುರುತಿಸುವುದೇ ಒಂದು ಸಿದ್ಧಾಂತವನ್ನು ಒಪ್ಪಿದಂತೆ. ಭಾಷಾವಿಜ್ಞಾನಿ ಎಡ್ವರ್ಡ್ ಕೀನನ್ 1976ರಲ್ಲಿ ವಾದಿಸಿದಂತೆ ಕರ್ತೃತ್ವವೆಂಬುದು ಹಲವು ಗುಣಗಳ ಗೊಂಚಲು. ಅವೆಲ್ಲ ಒಂದೇ ಪದದಲ್ಲಿ ಕೂಡಿಬರಲೇಬೇಕೆಂದಿಲ್ಲ. ಆದ್ದರಿಂದ ಒಂದೊಂದು ಗುಣವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ. ಶಿಷ್ಟ ಕನ್ನಡದಲ್ಲಿ ‘ಅವನಿಗೆ ಇಬ್ಬರು ಮಕ್ಕಳಿದ್ದಾರೆ’ ಎಂಬಲ್ಲಿ ಕ್ರಿಯಾಪದ ಮಕ್ಕಳನ್ನು ಅನುಸರಿಸುತ್ತದೆ. ಆದರೆ ‘ಅವನಿಗೆ ಮಳೆಯಲ್ಲಿ ನೆನೆದು ಜ್ವರ ಬಂತು’ ಎಂದಾಗ ನೆನೆದದ್ದು ಜ್ವರವಲ್ಲ, ಅವನು. ‘ಅವನಿಗೆ ತನ್ನ ಮನೆ ನೆನಪಾಯಿತು’ ಎಂಬಲ್ಲಿಯೂ ‘ತನ್ನ’ ಎಂಬುದು ಚತುರ್ಥಿಯಲ್ಲಿರುವ ‘ಅವನಿಗೆ’ ಎಂಬುದನ್ನೇ ಸೂಚಿಸುತ್ತದೆ. ಇದಕ್ಕೆ ಪ್ರತ್ಯಯ ಕಾರಣವಲ್ಲ: ‘ಅಣ್ಣ ತಮ್ಮನಿಗೆ ತನ್ನ ಕತ್ತಿ ಕೊಟ್ಟ’ ಎಂದರೆ ಕತ್ತಿ ಅಣ್ಣನದೇ. ವಿಭಕ್ತಿ ಪಟ್ಟಿಯೊಂದನ್ನೇ ಕೊಟ್ಟು ನಿಲ್ಲಿಸಿದ ವ್ಯಾಕರಣದಲ್ಲಿ ಈ ಎರಡು ಚತುರ್ಥಿಗಳ ಅಂತರ ಕಾಣಿಸುವುದೇ ಇಲ್ಲ.

ಮರುಪ್ರಶ್ನೆ (ಶಿರಸಿ):
ಕ್ರಿಯಾಪದದ ಪರೀಕ್ಷೆಗೆ ‘ಅಕ್ಕಂಗೆ ಜ್ವರ ಬಂತು’ ಎಂಬ ವಾಕ್ಯ ಸಾಕಾಗುವುದೇ?

ಉತ್ತರ (ಕುಮಟಾ):
ಸಾಲದು. ನಮ್ಮಲ್ಲಿ ‘ಅಕ್ಕ ಬಂತು’ ಎಂದೇ ಹೇಳುವುದರಿಂದ ಹೆಣ್ಣಿಗೂ ಜ್ವರಕ್ಕೂ ಕ್ರಿಯಾಪದದ ರೂಪ ಒಂದೇ. ಅದು ಯಾವುದನ್ನು ಅನುಸರಿಸಿದೆಯೆಂದು ತಿಳಿಯುವುದಿಲ್ಲ. ಉತ್ತಮ ಪುರುಷದಲ್ಲಿ ಪರೀಕ್ಷಿಸಿ: ‘ಆನು ಬಂದಿ’ (ನಾನು ಬಂದೆ), ಆದರೆ ‘ಯಂಗೆ ಜ್ವರ ಬಂತು’. ಶಿಷ್ಟ ಕನ್ನಡದ ಉದಾಹರಣೆಗಳನ್ನು ಹವ್ಯಕಕ್ಕೆ ಹಾಗೆಯೇ ಇಳಿಸಿಕೊಂಡರೆ ಈ ತೊಡಕು ಗಮನಕ್ಕೇ ಬರುವುದಿಲ್ಲವಾದ್ದರಿಂದ ‘ತನ್ನ’ದ ಪರೀಕ್ಷೆಯನ್ನೂ ‘ನೆನೆದು’ ಎಂಬಂಥ ರೂಪಗಳ ಪರೀಕ್ಷೆಯನ್ನೂ ನಿಮ್ಮೂರಿನ ಮಾತಿನಲ್ಲಿಯೇ ಹೊಸದಾಗಿ ಮಾಡಬೇಕು.

ಫಲಿತಾಂಶಗಳು ಒಂದಕ್ಕೊಂದು ಹೊಂದದಿದ್ದರೆ ಬಲವಂತವಾಗಿ ಒಂದು ಹೆಸರು ಅಂಟಿಸಬೇಡಿ. ಹವ್ಯಕಕ್ಕೆ ಸ್ವತಃ ವ್ಯಾಕರಣ ಬರೆದ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಕರ್ತೃ, ಕರ್ಮಗಳಂಥ ವ್ಯಾಕರಣ ಸಂಬಂಧಗಳು ಎಲ್ಲ ಭಾಷೆಗಳಿಗೂ ಅನಿವಾರ್ಯವಲ್ಲವೆಂದು 1991ರಲ್ಲಿ ಕನ್ನಡದ ಆಧಾರದಿಂದಲೇ ವಾದಿಸಿದರು. ಅವರ ತೀರ್ಮಾನವನ್ನು ನೀವು ಒಪ್ಪಲೇಬೇಕೆಂದಿಲ್ಲ. ಆದರೆ ಅದನ್ನು ಒಪ್ಪುವವರಿಗೂ ಒಪ್ಪದವರಿಗೂ ನಿಮ್ಮ ಪುಸ್ತಕ ಉಪಯೋಗಕ್ಕೆ ಬರಬೇಕಾದರೆ ಪ್ರತಿ ಪರೀಕ್ಷೆಯ ವಾಕ್ಯವನ್ನೂ, ಮಾತನಾಡುವವರು ಒಪ್ಪದ ವಾಕ್ಯಗಳನ್ನೂ ಹಾಗೆಯೇ ಮುದ್ರಿಸಿರಿ.